ಐರ್ಲೆಂಡಿನ ಹಳೆಯ ಕಲ್ಲಿನ ಶಿಲುಬೆಗಳ ಮೇಲಿನ ಹೆಣಿಗೆ ಚಿತ್ತಾರ ಅಷ್ಟು ಅಚ್ಚುಕಟ್ಟಾಗಿ ಹೇಗೆ ಬಂತು? ಅದಕ್ಕೆ ಅರ್ಥ ಇದೆಯಾ?

ನೋಡಲು ಸಿಕ್ಕುಸಿಕ್ಕಾಗಿ ಕಂಡರೂ ಮೂಲ ತುಂಬಾ ಸರಳ. ಜಡೆ ಹೆಣೆಯುವುದು ಗೊತ್ತಲ್ವಾ, ಅದೇ. ಒಂದು ಎಳೆ ಮೇಲೆ ಹೋದರೆ ಮುಂದಿನ ದಾಟಿನಲ್ಲಿ ಕೆಳಗೆ. ಈ ನಿಯಮ ತಪ್ಪುವುದು ತೀರಾ ಅಪರೂಪ.

ಆದರೆ ಬರೀ ಜಡೆಯಾದರೆ ಬೇಜಾರು. ಅದಕ್ಕೆ ಅಲ್ಲಲ್ಲಿ ಎರಡು ಎಳೆಗಳನ್ನು ದಾಟಲು ಬಿಡದೆ, ತುಂಡರಿಸಿ, ಪಕ್ಕದ ಎಳೆಗೆ ತಿರುಗಿಸಿ ಸೇರಿಸುತ್ತಾರೆ. ಆಗ ಗಂಟುಗಳು ಹುಟ್ಟುತ್ತವೆ. ಸ್ಕಾಟ್ಲೆಂಡಿನ ಕೆತ್ತನೆ ಕಲ್ಲುಗಳನ್ನು ದಾಖಲಿಸಿದ 1903ರ ಪುಸ್ತಕದಲ್ಲಿ ಪುರಾತತ್ವ ವಿದ್ವಾಂಸ ರೋಮಿಲಿ ಅಲೆನ್ ವಿವರಿಸಿದ್ದು ಇದನ್ನೇ. ಅಳತೆ ಸರಿಯಾಗಿರಲು ಮೊದಲು ಚೌಕಳಿ ಬೇಕು. ನಮ್ಮ ಚುಕ್ಕಿ ರಂಗೋಲಿ ಹಾಕಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ, ನಂಟು ಮಾತ್ರ ಏನೂ ಇಲ್ಲ.

ಐರ್ಲೆಂಡಿನ ಟಿಪ್ಪರರಿ ಜಿಲ್ಲೆಯ ಅಹೆನಿಯ ಎರಡು ಶಿಲುಬೆಗಳನ್ನು ಹತ್ತಿರದಿಂದ ನೋಡಿ. ಅಂಚಿನಲ್ಲಿ ಹಗ್ಗದಂತೆ ತಿರುಚಿದ ಪಟ್ಟಿ. ನಡುವೆ ಮತ್ತು ತೋಳುಗಳ ಮೇಲೆ ಉಬ್ಬಿದ ಗುಬುಟುಗಳು. ಕಲ್ಲಿಗೆ ಗುಬುಟು ಯಾಕೆ ಬೇಕು? ಮರದ ಶಿಲುಬೆಗೆ ಲೋಹದ ತಗಡು ಹೊದಿಸಿ ಹೊಡೆದ ಮೊಳೆಯ ತಲೆಗಳ ನಕಲು ಅವು ಅಂತ ಹಲವು ವಿದ್ವಾಂಸರ ಅಭಿಪ್ರಾಯ. ನನಗೂ ಅದೇ ಸರಿ ಅನ್ನಿಸುತ್ತದೆ.

ಅರ್ಥದ ವಿಷಯ: "ಕೊನೆಯಿಲ್ಲದ ಎಳೆ ಅಂದರೆ ಅಮರತ್ವ" ಅಂತ ಒಡವೆ ಅಂಗಡಿಯವರು ಜಾಸ್ತಿ ಹೇಳುತ್ತಾರೆ. ಕೆತ್ತಿದವರು ಹಾಗೆಂದು ಬರೆದಿಟ್ಟಿಲ್ಲ. "ಕೆಲ್ಟಿಕ್ ಗಂಟು", ಅಂದರೆ ಐರ್ಲೆಂಡಿನ ಕಡೆಯ ಹಳೆಯ ಕೆಲ್ಟ್ ಜನರ ಗಂಟು, ಅನ್ನುವ ಹೆಸರೂ ಅರ್ಧ ಸರಿ. ಸುರುಳಿ ಚಿತ್ತಾರ ಅಲ್ಲಿನ ಹಳೆಯದು. ಹೆಣಿಗೆಯಾದರೆ ರೋಮನ್ನರ ಮೊಸಾಯಿಕ್ ನೆಲಗಳಲ್ಲಿ ಮೊದಲೇ ಇತ್ತು.