ವಾರದ ಥೀಮ್ ನಮ್ಮ ಓಣಿಯಲ್ಲೇ ಸಿಗುತ್ತದೆ

ನೀವು ಕುಮಟಾದಲ್ಲಿ ಮನೆಯಲ್ಲೇ ಐದು ಮಕ್ಕಳನ್ನು ನೋಡಿಕೊಳ್ಳುತ್ತೀರಿ. ಚಿಕ್ಕದಕ್ಕೆ ಒಂದೂವರೆ ವರ್ಷ, ದೊಡ್ಡದಕ್ಕೆ ನಾಲ್ಕೂವರೆ. ಇಂಟರ್‌ನೆಟ್‌ನಿಂದ 52 ವಾರದ ಥೀಮ್ ಪಟ್ಟಿ ಇಳಿಸಿಕೊಂಡಿದ್ದೀರಿ, ಆದರೆ ಮಂಗಳವಾರಕ್ಕೇ ಥೀಮ್ ಮುಗಿದುಹೋಗುತ್ತದೆ, ಮಕ್ಕಳು ಒಂದು ಕಡೆ ಕೂರುವುದಿಲ್ಲ, ಸಂಜೆ ಪಾಲಕರು ಬಂದು ಇವತ್ತು ಏನು ಕಲಿಸಿದಿರಿ ಅಂದರೆ ಹೇಳಲು ಏನೂ ತೋಚುವುದಿಲ್ಲ. ಜೂನ್‌ನಿಂದ ಹೊಸದಾಗಿ ಶುರು ಮಾಡಬೇಕು, ಹೇಗೆ ಮಾಡಲಿ ಅಂತ ಕೇಳಿದ್ದೀರಿ.

ನಾನು ಕಾರವಾರದಲ್ಲಿ ಒಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಈಗ ಆರು ಮಕ್ಕಳಿದ್ದಾರೆ. ಒಬ್ಬರ ಅಪ್ಪ ನೌಕಾನೆಲೆಯಲ್ಲಿ, ಇನ್ನೊಬ್ಬರ ಅಮ್ಮ ಕೈಗಾದಲ್ಲಿ, ಉಳಿದವರು ಬ್ಯಾಂಕು, ಆಸ್ಪತ್ರೆ. ಮನೆಯಲ್ಲಿ ಕನ್ನಡ, ಕೊಂಕಣಿ, ಹಿಂದಿ, ತೆಲುಗು ನಾಲ್ಕೂ ಓಡಾಡುತ್ತವೆ. ಮೊದಲ ವರ್ಷ ನಾನೂ ನಿಮ್ಮ ಹಾಗೇ ಪಟ್ಟಿ ಹಿಡಿದು ಶುರು ಮಾಡಿದೆ. ಜನವರಿಯಲ್ಲಿ ಹಿಮ, ಅಕ್ಟೋಬರ್‌ನಲ್ಲಿ ಉದುರುವ ಕೆಂಪು ಎಲೆ, ನಡುವೆ ಒಂದು ವಾರ ಬಾಹ್ಯಾಕಾಶ. ಪ್ರಿಂಟ್ ತೆಗೆಸಿದೆ, ಹತ್ತಿ ಅಂಟಿಸಿದೆವು, ಬಣ್ಣ ತುಂಬಿಸಿದೆವು. ಹತ್ತು ನಿಮಿಷ ಆದಮೇಲೆ ಮಕ್ಕಳು ಎದ್ದು ಕಿಟಕಿಗೆ ಹೋಗಿ ನಿಲ್ಲುತ್ತಿದ್ದರು. ಹಿಮವನ್ನು ಮುಟ್ಟಿಲ್ಲ, ನೋಡಿಲ್ಲ, ಅದರ ಬಗ್ಗೆ ಕೇಳಲು ಅವರಿಗೆ ಏನೂ ಇರಲಿಲ್ಲ.

ಬದಲಾಗಿದ್ದು ಒಂದು ಜೂನ್ ತಿಂಗಳಲ್ಲಿ. ನಮ್ಮ ಓಣಿಗೆ ದಿನಾ ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಒಬ್ಬ ಮಾವಶಿ ಬರುತ್ತಿದ್ದರು. ಜೂನ್ ಶುರುವಾದ ಮೇಲೆ ಅವರು ಬರುವುದು ಕಡಿಮೆಯಾಯಿತು, ಬಂದರೂ ಬುಟ್ಟಿಯಲ್ಲಿ ಒಣಮೀನು. ಮೂರು ವರ್ಷದ ಹುಡುಗಿಯೊಬ್ಬಳು ನನ್ನ ಸೆರಗು ಎಳೆದು, ‘ಅಕ್ಕೋರೇ, ಹಸಿ ಮೀನು ಎಲ್ಲಿ ಹೋಯಿತು?’ ಅಂತ ಕೇಳಿದಳು. ಆ ವಾರದ ನನ್ನ ಥೀಮ್ ಆಕಾರಗಳು ಅಂತಿತ್ತು. ಅದನ್ನು ಅಲ್ಲಿಗೇ ಬಿಟ್ಟೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಸಮುದ್ರಕ್ಕೆ ಇಳಿಯುವಂತಿಲ್ಲ, ಮೀನು ಮೊಟ್ಟೆ ಇಡುವ ಕಾಲ, ಕಡಲೂ ಒರಟು. ಇದನ್ನೇ ಮಕ್ಕಳಿಗೆ, ಮೀನಿನ ಅಮ್ಮ ಮೊಟ್ಟೆ ಇಡುತ್ತಿದ್ದಾಳೆ, ಅದಕ್ಕೆ ದೋಣಿಗೆ ರಜೆ ಅಂತ ಹೇಳಿದೆ. ಆಮೇಲೆ ಎರಡು ವಾರ ಮನೆಯಲ್ಲಿ ಬೇರೆ ಮಾತೇ ಇಲ್ಲ. ಮಂಚದ ಕೆಳಗೆ ದೋಣಿ ನಿಲ್ಲಿಸಿದರು, ಹಳೆಯ ಸೀರೆ ಬಲೆಯಾಯಿತು, ಒಬ್ಬ ಬಲೆ ಹೊಲಿಯುತ್ತಾ ಕೂತ. ತಾರ್ಲೆ ಚಿಕ್ಕದು, ಬಂಗಡೆ ದೊಡ್ಡದು, ಸೀಗಡಿಗೆ ಮೀಸೆ ಜಾಸ್ತಿ. ನಾನು ಕಲಿಸಬೇಕು ಅಂದುಕೊಂಡಿದ್ದ ಉದ್ದ ಗಿಡ್ಡ, ಎಣಿಕೆ, ಬಣ್ಣ ಎಲ್ಲ ಅದರೊಳಗೇ ಬಂತು.

ಅಲ್ಲಿಂದ ಇವತ್ತಿನವರೆಗೆ ನಾನು ಪಾಲಿಸುವುದು ಇಷ್ಟೇ. ಆ ವಾರ ನಮ್ಮ ಓಣಿಗೆ, ಅಂಗಳಕ್ಕೆ, ಅಡುಗೆಮನೆಗೆ ಏನು ಬಂದಿದೆಯೋ ಅದರಲ್ಲಿ ಒಂದು ವಸ್ತು. ‘ಸಾರಿಗೆ’, ‘ಋತುಗಳು’ ಅಂತ ದೊಡ್ಡ ಹೆಸರು ಇಡುವುದಿಲ್ಲ. ಕೊಡೆ, ತೆಂಗಿನಕಾಯಿ, ಮಣ್ಣು, ಉಪ್ಪು, ಹೀಗೆ ಕೈಯಲ್ಲಿ ಹಿಡಿಯುವಂಥದ್ದು. ವಾರ ಮುಗಿದರೂ ಮಕ್ಕಳ ಕುತೂಹಲ ಮುಗಿಯದಿದ್ದರೆ ಎರಡನೇ ವಾರಕ್ಕೂ ಅದೇ. ವರ್ಷಕ್ಕೆ 52 ಥೀಮ್ ಬೇಕಾಗಿಯೇ ಇಲ್ಲ, ನನಗೆ 25 ಸಾಕಾಗುತ್ತದೆ.

ಒಂದು ವಾರ ಪೂರ್ತಿ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ, ಉಪ್ಪಿನ ವಾರ. ಇದು ಏಪ್ರಿಲ್‌ಗೆ ಸರಿ, ಬಿಸಿಲು ಬೇಕು. ಭಾನುವಾರ ಯಾರಾದರೂ ದೊಡ್ಡವರು ಹೋಗಿ ಒಂದು ಲೀಟರ್ ಸಮುದ್ರದ ನೀರು ತರುತ್ತಾರೆ. ಮಕ್ಕಳನ್ನು ನಾನು ಒಬ್ಬಳೇ ಕಡಲ ತೀರಕ್ಕೆ ಕರೆದುಕೊಂಡು ಹೋಗುವುದಿಲ್ಲ, ಯಾವ ತಿಂಗಳಲ್ಲೂ. ಸೋಮವಾರ ಎರಡು ಬಾಟಲಿ ಎದುರಿಗಿಡುತ್ತೇನೆ, ಒಂದರಲ್ಲಿ ಬಾವಿ ನೀರು, ಒಂದರಲ್ಲಿ ಸಮುದ್ರದ್ದು. ನೋಡಲು ಎರಡೂ ಒಂದೇ. ಅಗಲವಾದ ಎರಡು ಪರಾತದಲ್ಲಿ ಸುರಿದು, ತೆಳು ಬಟ್ಟೆ ಮುಚ್ಚಿ ಮಾಳಿಗೆ ಮೇಲೆ ಇಡುತ್ತೇವೆ. ನೀರು ಎಲ್ಲಿವರೆಗೆ ಇದೆ ಅಂತ ದಿನಾ ಸೀಮೆಸುಣ್ಣದಿಂದ ಗೆರೆ. ಮಂಗಳವಾರ ಕಲ್ಲುಪ್ಪು, ಪುಡಿ ಉಪ್ಪು ಮುಟ್ಟಿ ನೋಡುವುದು, ಅದರಲ್ಲಿ ಬೆರಳಿನಿಂದ ಗೀಚುವುದು. ಬುಧವಾರ ಕಲ್ಲುಪ್ಪು ನೀರಿಗೆ ಹಾಕಿ ಕದಡುವುದು, ಎಲ್ಲಿ ಹೋಯಿತು ಅಂತ ಹುಡುಕುವುದು. ಇದನ್ನು ಅವರು ಹತ್ತು ಸಲ ಮಾಡಿದರೂ ನಾನು ತಡೆಯುವುದಿಲ್ಲ. ಗುರುವಾರ ಅಥವಾ ಶುಕ್ರವಾರ ಪರಾತ ಒಣಗಿರುತ್ತದೆ. ಬಾವಿ ನೀರಿನದ್ದರಲ್ಲಿ ಹೆಚ್ಚೆಂದರೆ ತೆಳು ಕಲೆ. ಸಮುದ್ರದ್ದರಲ್ಲಿ ಬೆಳ್ಳಗೆ ಹರಳು! ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಮಕ್ಕಳ ಪುಟ್ಟ ಮುಷ್ಟಿ ತುಂಬುವಷ್ಟು. ಅದನ್ನು ನೋಡಿದಾಗಿನ ಅವರ ಮುಖ ನಾನು ಎಷ್ಟು ಹೇಳಿದರೂ ನಿಮಗೆ ಗೊತ್ತಾಗುವುದಿಲ್ಲ, ನೀವೇ ಮಾಡಿ ನೋಡಬೇಕು. ನಿಮಗಂತೂ ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪಿನ ಗದ್ದೆಗಳು ದೂರ ಇಲ್ಲ, ಬೇಸಿಗೆಯ ಒಂದು ಭಾನುವಾರ ಪಾಲಕರೇ ಮಕ್ಕಳನ್ನು ಕರೆದುಕೊಂಡು ಹೋಗಿ ಬರಲಿ, ಮನೆಯ ಪರಾತದಲ್ಲಿ ಕಂಡದ್ದೇ ಅಲ್ಲಿ ಗದ್ದೆಯಷ್ಟು ದೊಡ್ಡದಾಗಿ ಕಾಣುತ್ತದೆ. ಪರಾತದ ಉಪ್ಪನ್ನು ಮಾತ್ರ ಬಾಯಿಗೆ ಹಾಕಲು ಬಿಡಬೇಡಿ, ಕೈ ತೊಳೆಸಿ.

ಈಗ ವಯಸ್ಸಿನ ವಿಷಯ, ಏಕೆಂದರೆ ನಿಮಗೆ ನಿಜವಾಗಿ ಕಷ್ಟ ಆಗುತ್ತಿರುವುದು ಅಲ್ಲೇ ಅನಿಸುತ್ತದೆ. ಒಂದೂವರೆ ವರ್ಷದ ಕೂಸಿಗೂ ನಾಲ್ಕೂವರೆ ವರ್ಷದವನಿಗೂ ಬೇರೆ ಬೇರೆ ಚಟುವಟಿಕೆ ಮಾಡಲು ಹೋದರೆ ನಿಮ್ಮ ಎರಡು ಕೈ ಸಾಲುವುದಿಲ್ಲ. ವಸ್ತು ಒಂದೇ ಇರಲಿ, ಅದರ ಜೊತೆ ಮಾಡುವ ಕೆಲಸ ಬೇರೆ ಇರಲಿ. ತೆಂಗಿನಕಾಯಿ ವಾರ ಅಂದುಕೊಳ್ಳಿ. ಚಿಕ್ಕದು ಇಡೀ ಕಾಯಿ ಉರುಳಿಸುತ್ತದೆ, ಗೆರಟೆಯಿಂದ ಗೆರಟೆಗೆ ನೀರು ಸುರಿಯುತ್ತದೆ, ಅಷ್ಟೇ ಸಾಕು. ಮೂರು ವರ್ಷದವರು ಗೆರಟೆಗಳನ್ನು ದೊಡ್ಡದು ಸಣ್ಣದು ಅಂತ ಬೇರೆ ಮಾಡುತ್ತಾರೆ, ನಾರು ಬಿಡಿಸುತ್ತಾರೆ. ದೊಡ್ಡವರು ಕಾಯಿ ತೇಲುತ್ತದೋ ಮುಳುಗುತ್ತದೋ ಅಂತ ಮೊದಲು ಹೇಳಿ ಆಮೇಲೆ ಬಕೆಟ್‌ನಲ್ಲಿ ಹಾಕಿ ನೋಡುತ್ತಾರೆ. ಎಲ್ಲರೂ ಒಂದೇ ಜಗಲಿಯಲ್ಲಿ, ನನ್ನ ಕಣ್ಣೆದುರು.

ನಾನು ತಯಾರಿ ಮಾಡುವುದು ಭಾನುವಾರ ರಾತ್ರಿ, ಅರ್ಧ ಗಂಟೆ. 200 ಪುಟದ ನೋಟ್‌ಬುಕ್, ವಾರಕ್ಕೆ ಒಂದು ಪುಟ. ಮೇಲೆ ವಸ್ತುವಿನ ಹೆಸರು ನಾಲ್ಕೂ ಭಾಷೆಯಲ್ಲಿ, ಕೆಳಗೆ ಐದು ದಿನಕ್ಕೆ ಐದು ಸಾಲು. ಸೋಮವಾರ, ಮಂಗಳವಾರದ್ದು ಮಾತ್ರ ಪೂರ್ತಿ ಬರೆಯುತ್ತೇನೆ. ಉಳಿದ ಮೂರು ದಿನ ಖಾಲಿ ಬಿಟ್ಟು, ಮಕ್ಕಳು ಯಾವುದಕ್ಕೆ ಅಂಟಿಕೊಂಡರು ಅಂತ ನೋಡಿ ತುಂಬುತ್ತೇನೆ. ದಿನಕ್ಕೆ ಒಂದೇ ಚಟುವಟಿಕೆ, ಬೆಳಿಗ್ಗೆ ತಿಂಡಿ ಆದಮೇಲೆ. ಉಳಿದ ಹೊತ್ತು ಆಟ, ಊಟ, ನಿದ್ದೆ, ಕಥೆ. ಈ ಹೊತ್ತುಗಳು ಮಾತ್ರ ದಿನಾ ಒಂದೇ ಥರ ಇರಬೇಕು, ಚಿಕ್ಕವರಿಗೆ ಧೈರ್ಯ ಕೊಡುವುದು ಅದೇ. ಕರೆಂಟ್ ಹೋಗಿ ಮಳೆ ಹೊಯ್ಯುವ ದಿನಕ್ಕೆ ಒಂದು ಡಬ್ಬ ಬೇರೆ ಇಟ್ಟಿದ್ದೇನೆ, ಅದರಲ್ಲಿ ಗೋಧಿ ಹಿಟ್ಟು, ಬಟ್ಟೆಯ ಕ್ಲಿಪ್ಪು, ಖಾಲಿ ಡಬ್ಬಿ ಮತ್ತು ಮುಚ್ಚಳ. ಟಿವಿ ಹಚ್ಚುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದ್ದು, ಎರಡು ವರ್ಷದೊಳಗಿನವರಿಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ. ಆ ಒಂದು ಗಂಟೆ ಅವರ ಮನೆಯಲ್ಲಿ ಹೇಗೂ ಆಗಿರುತ್ತದೆ.

ಒಂದು ವಿಷಯದಲ್ಲಿ ನಿಮ್ಮನ್ನು ಬೇಡಿಕೊಳ್ಳುತ್ತೇನೆ. ಮೂರನೇ ವರ್ಷ ಬೀಜದ ವಾರ ಮಾಡಿದ್ದೆ. ಎರಡು ವರ್ಷದ ಹುಡುಗ ಹುಣಸೆ ಬೀಜವನ್ನು ಮೂಗಿಗೆ ಸೇರಿಸಿಕೊಂಡ. ನಾನು ಅಲ್ಲೇ ಇದ್ದೆ, ಪಕ್ಕದ ಮಗುವಿನ ಕೈ ಒರೆಸುತ್ತಿದ್ದೆ, ಅಷ್ಟರಲ್ಲೇ ಆಗಿಹೋಯಿತು. ಅವನ ಅಮ್ಮನಿಗೆ ಫೋನ್ ಮಾಡಿ, ರಿಕ್ಷಾದಲ್ಲಿ ಡಾಕ್ಟರ ಹತ್ತಿರ ಓಡಿದೆವು, ಅವರು ತೆಗೆದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವತ್ತಿನಿಂದ ಮೂರು ವರ್ಷದೊಳಗಿನ ಮಗು ಇರುವ ಜಾಗದಲ್ಲಿ ಬೀಜ, ಕವಡೆ, ಮಣಿ, ಶೇಂಗಾ, ನಾಣ್ಯ ಯಾವುದೂ ಇಲ್ಲ. ಹೆಬ್ಬೆರಳು ತೋರುಬೆರಳು ಕೂಡಿಸಿ ಉಂಗುರ ಮಾಡಿ, ಅದರೊಳಗೆ ತೂರುವ ಯಾವುದನ್ನೂ ಚಿಕ್ಕವರ ಕೈಗೆ ಕೊಡುವುದಿಲ್ಲ. ಚೆನ್ನೆಮಣೆ ಆಡಿಸಬೇಕು ಅಂದರೆ ಚಿಕ್ಕವರು ಮಲಗಿದ ಮೇಲೆ ದೊಡ್ಡವರ ಜೊತೆ ಮಾತ್ರ. ಗುಲಗಂಜಿ ಮಾತ್ರ ಮನೆಯೊಳಗೇ ಬೇಡ, ನೋಡಲು ಎಷ್ಟು ಚೆಂದವೋ ಅಷ್ಟೇ ವಿಷ. ನೀರಾಟಕ್ಕೂ ಅದೇ ಎಚ್ಚರ, ಆಟ ಮುಗಿದ ಕ್ಷಣ ಬಕೆಟ್ ಬೋರಲು ಹಾಕಿ. ಗೇಣಷ್ಟು ನೀರೂ ಕೂಸಿಗೆ ಅಪಾಯ.

ಹಬ್ಬಗಳನ್ನು ಬಿಡಬೇಡಿ, ನಮ್ಮ ಕಡೆ ವರ್ಷ ನಡೆಯುವುದೇ ಹಬ್ಬದ ಲೆಕ್ಕದಲ್ಲಿ. ಆದರೆ ಬೇರೆ ಬೇರೆ ಧರ್ಮದ ಮಕ್ಕಳಿದ್ದರೆ ಪೂಜೆ ಅವರವರ ಮನೆಗಿರಲಿ, ನಾವು ಹಬ್ಬದ ವಸ್ತು ತೆಗೆದುಕೊಳ್ಳೋಣ. ನಾಗರಪಂಚಮಿಗೆ ಅರಿಶಿನ ಎಲೆ, ಅದರ ವಾಸನೆಗೇ ಮಕ್ಕಳು ಸುಮ್ನೆ ಕೂತುಬಿಡುತ್ತಾರೆ. ನೂಲು ಹುಣ್ಣಿಮೆಗೆ ಮೀನುಗಾರರು ಕಡಲಿಗೆ ತೆಂಗಿನಕಾಯಿ ಕೊಡುತ್ತಾರಲ್ಲ, ಆ ವಾರ ತೆಂಗಿನಕಾಯಿ. ಚೌತಿಗೆ ಜೇಡಿಮಣ್ಣು, ದೀಪಾವಳಿಗೆ ಗೂಡುದೀಪ. ಬೇಸಿಗೆಯಲ್ಲಿ ನಿಮ್ಮ ಕುಮಟಾ ಈರುಳ್ಳಿ, ಹೆದ್ದಾರಿ ಪಕ್ಕ ಜಡೆ ಹೆಣೆದು ತೂಗುಹಾಕುತ್ತಾರಲ್ಲ, ಅದನ್ನು ತಂದರೆ ಜಡೆ ಹೆಣೆಯುವುದೇ ಒಂದು ವಾರದ ಕೆಲಸ. ಮೀನಿನ ವಾರಕ್ಕೆ ಮುಂಚೆ ಮಾತ್ರ ಸಸ್ಯಾಹಾರಿ ಮನೆಯವರನ್ನು ಒಂದು ಮಾತು ಕೇಳಿ. ನಾನು ಕೇಳಿದಾಗ ಇಬ್ಬರು ಚಿತ್ರ ಸಾಕು, ಮುಟ್ಟಿಸುವುದು ಬೇಡ ಅಂದರು, ಹಾಗೇ ಮಾಡಿದೆ.

ಪಾಲಕರಿಗೆ ಏನು ಹೇಳುವುದು ಅಂತ ಕೇಳಿದ್ದೀರಿ. ನಾನು ಹಾಳೆ ಕಳಿಸುವುದು ನಿಲ್ಲಿಸಿದ್ದೇನೆ. ಸಂಜೆ ವಾಟ್ಸಾಪ್‌ನಲ್ಲಿ ಒಂದು ಪ್ರಶ್ನೆ ಕಳಿಸುತ್ತೇನೆ: ‘ಇವತ್ತು ನೀರಿಗೆ ಹಾಕಿದ ಉಪ್ಪು ಎಲ್ಲಿ ಹೋಯಿತು ಅಂತ ಮಗುವನ್ನು ಕೇಳಿ.’ ಮಗು ಹೇಳುವ ಉತ್ತರವೇ ಅವರಿಗೆ ವರದಿ. ಆದರೂ ಕೆಲವರಿಗೆ ಅಚ್ಚಾದ ಪಠ್ಯ ಬೇಕು. ಅಂಥವರಿಗೆ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2024ರಲ್ಲಿ ತಂದ ಎರಡು ಚೌಕಟ್ಟು ತೋರಿಸಿ, ಮೂರರೊಳಗಿನವರಿಗೆ ‘ನವಚೇತನಾ’, ಮೂರರಿಂದ ಆರಕ್ಕೆ ‘ಆಧಾರಶಿಲಾ’. ಅವುಗಳಲ್ಲೂ ಆಟಕ್ಕೇ ಮೊದಲ ಜಾಗ. ನಾನೂ ಅದರಿಂದ ಕೆಲವು ಆಟ ತೆಗೆದುಕೊಂಡಿದ್ದೇನೆ.

ಜೂನ್‌ನ ಮೊದಲ ಎರಡು ವಾರ ಥೀಮ್ ಹಾಕಲೇಬೇಡಿ. ಹೊಸ ಮಕ್ಕಳು ಅಳುತ್ತಾರೆ, ಅಮ್ಮ ಬೇಕು ಅನ್ನುತ್ತಾರೆ, ನಿಮ್ಮ ಮಡಿಲು ಖಾಲಿ ಇರಬೇಕು. ಮೂರನೇ ವಾರ ಮಳೆ ಹಿಡಿದಿರುತ್ತದೆ. ಆಗ ಕೊಡೆ ತೆಗೆಯಿರಿ. ಜಗಲಿಯಲ್ಲಿ ಒಂದು ಕೊಡೆ ಬಿಚ್ಚಿಟ್ಟು ಅದರ ಕೆಳಗೆ ಎಷ್ಟು ಜನ ಹಿಡಿಸುತ್ತಾರೆ ಅಂತ ಕೇಳಿ, ಸ್ಟೀಲ್ ತಟ್ಟೆ, ಪ್ಲಾಸ್ಟಿಕ್ ಬುಟ್ಟಿ, ಬಾಳೆ ಎಲೆ ಮೂರನ್ನೂ ಸೂರಿನ ನೀರಿಗೆ ಹಿಡಿದು ಸದ್ದು ಕೇಳಿಸಿ. ಯಾರ ಮನೆಯಲ್ಲಾದರೂ ಹಳೆಯ ಕಂಬಳಿ ಕೊಪ್ಪೆ ಇದ್ದರೆ ತರಿಸಿ, ಮಕ್ಕಳು ಅದರೊಳಗೆ ಹೊಕ್ಕರೆ ಮಧ್ಯಾಹ್ನದವರೆಗೆ ಹೊರಗೆ ಬರುವುದಿಲ್ಲ. ಎಲ್ಲರಿಗೂ ಎರಡು ಜೊತೆ ಬಟ್ಟೆ ಹೆಚ್ಚಿಗೆ ಕಳಿಸಲು ಮಾತ್ರ ಈಗಲೇ ಪಾಲಕರಿಗೆ ಹೇಳಿಡಿ.