ಪೈಥಾನ್‌ನಿಂದ ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಸೇರಿಸಿದ ಸಾಲುಗಳು ಉಳಿಯುತ್ತಿಲ್ಲ, ಎರರ್ ಕೂಡ ಬರುತ್ತಿಲ್ಲ. ಏಕೆ?

ಕಮಿಟ್ ಮಾಡುವುದು, ಅಂದರೆ ಬದಲಾವಣೆಯನ್ನು ಕಾಯಂಗೊಳಿಸುವುದು, ಬಿಟ್ಟುಹೋಗಿರುತ್ತದೆ. ಇನ್ಸರ್ಟ್ (ಸಾಲು ಸೇರಿಸುವ ಆದೇಶ) ಆದ ಮೇಲೆ, ಸಂಪರ್ಕ (ಕನೆಕ್ಷನ್) ಮುಚ್ಚುವ ಮುನ್ನ, ಕನೆಕ್ಷನ್‌ನ ಕಮಿಟ್ ವಿಧಾನವನ್ನು ಕರೆಯಿರಿ. ಆದೇಶಗಳನ್ನು ಕಳಿಸುವ ಕರ್ಸರ್‌ನದಲ್ಲ, ಕನೆಕ್ಷನ್‌ನದು.

ಮೈಎಸ್‌ಕ್ಯೂಎಲ್‌ನ ಕಮಾಂಡ್ ಕಿಟಕಿಯಲ್ಲಿ ಇದೇ ಇನ್ಸರ್ಟ್ ಹೆಚ್ಚಿನ ಶ್ರಮವಿಲ್ಲದೆ ಉಳಿಯುತ್ತದೆ, ಗೊಂದಲ ಹುಟ್ಟುವುದೇ ಅಲ್ಲಿ. ಅಲ್ಲಿ ಪ್ರತಿ ಆದೇಶವೂ ತಾನಾಗಿಯೇ ಕಾಯಂ ಆಗುತ್ತದೆ. ಪೈಥಾನ್‌ನ ಡೇಟಾಬೇಸ್ ನಿಯಮಾವಳಿಯಾದ ಪೆಪ್ 249 ಆಟೊಕಮಿಟ್ ಎಂಬ ಈ ಸೌಲಭ್ಯ ಆರಂಭದಲ್ಲಿ ಆಫ್ ಆಗಿರಬೇಕು ಎನ್ನುತ್ತದೆ. ಹಾಗಾಗಿ ನಿಮ್ಮ ಬದಲಾವಣೆ ಪೆನ್ಸಿಲ್ಲಿನಲ್ಲಿ ಬರೆದ ಲೆಕ್ಕದಂತೆ ಕಾದಿರುತ್ತದೆ. ಕಮಿಟ್ ಇಲ್ಲದೆ ಸಂಪರ್ಕ ಮುಚ್ಚಿದರೆ ಸರ್ವರ್ ಅದನ್ನು ಅಳಿಸುತ್ತದೆ. ಇದು ನಿಯಮದಂತೆಯೇ ನಡೆದ ಕೆಲಸ, ಆದ್ದರಿಂದ ಎರರ್ ಇಲ್ಲ.

ಖಚಿತಪಡಿಸಿಕೊಳ್ಳಲು ಐಡಿ ಕಾಲಂ ನೋಡಿ. ಅದರಲ್ಲಿ ಆಟೊ ಇನ್‌ಕ್ರಿಮೆಂಟ್ (ಪ್ರತಿ ಹೊಸ ಸಾಲಿಗೂ ಮುಂದಿನ ಸಂಖ್ಯೆ ತಾನಾಗಿ ಸಿಗುವ ವ್ಯವಸ್ಥೆ) ಇದ್ದರೆ, ಕಮಿಟ್ ಸೇರಿಸಿದ ಬಳಿಕ ಬರುವ ಮೊದಲ ಸಾಲಿನ ಸಂಖ್ಯೆ 37ರಿಂದ ನೇರವಾಗಿ 42ಕ್ಕೆ ಜಿಗಿದಿರಬಹುದು. ನಡುವಿನ ನಾಲ್ಕು ಸಂಖ್ಯೆಗಳು ನಿಮ್ಮ ಕಳೆದುಹೋದ ಪ್ರಯತ್ನಗಳು.

ಆಟೊಕಮಿಟ್ ಆನ್ ಮಾಡಿದರೂ ಸಮಸ್ಯೆ ತೀರುತ್ತದೆ, ಆದರೆ ನಾನು ಅದನ್ನು ಸಲಹೆ ಮಾಡುವುದಿಲ್ಲ. ಒಂದು ಖಾತೆಯಿಂದ ಹಣ ಕಳೆದು ಇನ್ನೊಂದಕ್ಕೆ ಸೇರಿಸುವಷ್ಟರಲ್ಲಿ ಸ್ಕ್ರಿಪ್ಟ್ ನಿಂತರೆ, ಅರ್ಧ ಕೆಲಸವೇ ಕಾಯಂ ಆಗಿಬಿಡುತ್ತದೆ.