ಕ್ಯಾಷ್ ಕೌಂಟರಿನಲ್ಲಿ ಕಡಿಮೆ ಬಿದ್ದ ಐನೂರು ರೂಪಾಯಿ

ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಮಳೆಗಾಲದ ಒಂದು ಮಧ್ಯಾಹ್ನ ಶಿವಮೊಗ್ಗದ ನನ್ನ ಸಮಾಲೋಚನಾ ಕೊಠಡಿಗೆ ಬಂದವರು ರೋಗಿಯಲ್ಲ, ರೋಗಿಯ ಗೆಳತಿ. ತೀರ್ಥಹಳ್ಳಿ ಕಡೆಯ ಸಹಕಾರ ಸಂಘವೊಂದರಲ್ಲಿ ಇಬ್ಬರೂ ಬಹಳ ವರ್ಷಗಳಿಂದ ಅಕ್ಕಪಕ್ಕದ ಮೇಜಿನವರು. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಮುಗಿದು 21 ದಿನಕ್ಕೊಮ್ಮೆ ಕೀಮೋ ಪಡೆಯುತ್ತಿದ್ದ ಸ್ನೇಹಿತೆ, ಮನೆಯಲ್ಲಿ ಮಲಗಿದ್ದರೆ ಬಂದವರೆಲ್ಲ ಮುಖ ನೋಡಿ ಲೊಚಗುಟ್ಟುತ್ತಾರೆ, ಕಚೇರಿಯಲ್ಲಾದರೆ ಬಡ್ಡಿ ಲೆಕ್ಕವನ್ನಾದರೂ ಕೇಳುತ್ತಾರೆ ಎಂದು ಹೇಳಿ, ಮೈಯಲ್ಲಿ ತ್ರಾಣವಿದ್ದ ದಿನಗಳಲ್ಲೆಲ್ಲ ಕೆಲಸಕ್ಕೆ ಬರುತ್ತಿದ್ದರು.

ಒಂದು ಸಂಜೆ ಕ್ಯಾಷ್‌ನಲ್ಲಿ ಐನೂರು ರೂಪಾಯಿ ಕಡಿಮೆ ಬಿತ್ತು. ಸ್ನೇಹಿತೆಯ ಬೆರಳ ತುದಿಗಳು ಜೋಮು ಹಿಡಿದಿದ್ದವು. ಅಂಟಿಕೊಂಡ ಎರಡು ನೋಟು ಒಂದೇ ಎಂಬಂತೆ ಕೈದಾಟಿ ಹೋಗಿತ್ತು. ನನ್ನ ಬಳಿ ಬಂದಿದ್ದ ಇವರು ಯಾರಿಗೂ ಕಾಣದಂತೆ ತಮ್ಮ ಪರ್ಸಿನಿಂದ ಒಂದು ನೋಟು ತೆಗೆದು ಸೇರಿಸಿದರು. ಮೂರನೆಯ ಸಲ ಹಾಗೆ ಮಾಡುವಾಗ ಸ್ನೇಹಿತೆ ನೋಡಿಬಿಟ್ಟರು. “ನನ್ನ ಲೆಕ್ಕವನ್ನು ನೀನೇ ಸರಿ ಮಾಡೋದಾದ್ರೆ ನಾನು ಇಲ್ಲಿ ಯಾಕೆ ಕೂತಿರ್ಬೇಕು ಮಾರಾಯ್ತಿ?” ಎಂದವರು ಮತ್ತೆ ಮಾತಾಡಲಿಲ್ಲ.

“ನಾನು ಮಾಡಿದ್ದರಲ್ಲಿ ತಪ್ಪೇನಿದೆ ಮೇಡಂ?” ಎಂದು ಇವರು ಕೇಳಿದಾಗ ನಾನು ಹಣದ ಮಾತನ್ನು ಬದಿಗಿಟ್ಟೆ. ಕೆಲವು ಕೀಮೋ ಔಷಧಗಳು ನರಗಳನ್ನು ಬಾಧಿಸುತ್ತವೆ. ಜೋಮು ಹಿಡಿಯುವುದನ್ನು ಸಕಾಲದಲ್ಲಿ ತಿಳಿಸಿದರೆ ವೈದ್ಯರು ಡೋಸ್ ತಗ್ಗಿಸುವ ಅಥವಾ ಔಷಧ ಬದಲಿಸುವ ಯೋಚನೆ ಮಾಡಬಹುದು. ಪರ್ಸಿನ ನೋಟು ಮುಚ್ಚಿಟ್ಟದ್ದು ಆ ಸುದ್ದಿಯನ್ನು. ಸಮರ್ಥನೆ ಕೊಡದೆ ಮೊದಲು ಕ್ಷಮೆ ಕೇಳಿ, ಬೆರಳಿನ ವಿಷಯವನ್ನು ವೈದ್ಯರಿಗೆ ಹೇಳುವಂತೆ ಒತ್ತಾಯಿಸಿ, ಆಮೇಲೆ “ನಾಳೆ ನಾನು ಯಾವುದನ್ನು ಮಾಡಲಿ, ಯಾವುದನ್ನು ಮುಟ್ಟದಿರಲಿ” ಎಂದು ಅವರನ್ನೇ ಕೇಳಿ ಎಂದೆ. ಕ್ಯಾಷ್ ಬದಲು ಸಾಲದ ಕಡತಗಳ ಪರಿಶೀಲನೆ ಕೊಡುವಂತೆ ಕಾರ್ಯದರ್ಶಿಯವರನ್ನು ಕೇಳಬಹುದು, ಆದರೆ ಕಾಯಿಲೆಯ ಬಗ್ಗೆ ಯಾರಿಗೆ ಎಷ್ಟು ಹೇಳಬೇಕೆಂಬುದು ಸ್ನೇಹಿತೆಯ ತೀರ್ಮಾನವಾಗಿರಬೇಕು.

ಇಬ್ಬರೂ ಒಂದು ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂರುವುದು ನನಗೆ ಹೆಚ್ಚು ಮುಖ್ಯವೆನಿಸಿತು. ಕೀಮೋ ಆದ ಮೊದಲ ಕೆಲವು ದಿನ ಸುಸ್ತು, ವಾಕರಿಕೆ. ಸಾಮಾನ್ಯವಾಗಿ 7ರಿಂದ 14ನೆಯ ದಿನದ ನಡುವೆ ಬಿಳಿ ರಕ್ತಕಣಗಳು ತೀರ ಇಳಿದು ಸೋಂಕು ಬೇಗ ತಗಲುವುದರಿಂದ, ಒದ್ದೆ ಕೊಡೆಗಳ ನಡುವೆ ಕಿಕ್ಕಿರಿದ ಬಸ್ಸಿನಲ್ಲಿ ಬರುವುದು ಆಗ ಬೇಡ. ಮೂರನೆಯ ವಾರ ಹಲವರಿಗೆ ಮೈ ಹಗುರವಾಗುತ್ತದೆ, ಹೆಚ್ಚಿನ ಕೆಲಸ ಆಗ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ತಲುಪಿದರೆ, ಮಾತ್ರೆ ನುಂಗಿ ಬೆಳಗಾಗಲೆಂದು ಕಾಯದೆ ರಾತ್ರಿಯೇ ಆಸ್ಪತ್ರೆಗೆ ತಿಳಿಸಿ ಹೊರಡಬೇಕು. ಮಳೆಗೆ ಕರೆಂಟು, ಫೋನು ಎರಡೂ ಹೋಗುವ ಊರಿನಲ್ಲಿ ಯಾರ ವಾಹನ ಎಂಬುದನ್ನು ಹಗಲೇ ನಿಶ್ಚಯಿಸಿಕೊಂಡಿರಬೇಕು.

ಇನ್ನೊಂದು ಮಾತನ್ನೂ ಸೇರಿಸಿದೆ. ನಾಳೆ ಅವರೇ ರಜೆ ಬೇಕೆಂದರೆ, ಇಷ್ಟು ದಿನ ಧೈರ್ಯವಾಗಿದ್ದೆಯಲ್ಲ ಎನ್ನಬೇಡಿ. ಕೆಲಸಕ್ಕೆ ಬರುವುದು ಧೈರ್ಯದ ಪರೀಕ್ಷೆಯೇನಲ್ಲ.

ತಿಂಗಳ ಬಳಿಕ ಇವರು ಮತ್ತೆ ನನ್ನ ಬಳಿ ಬಂದರು. ಕ್ಯಾಷ್ ಈಗ ಇವರ ಬಳಿ, ಕಡತಗಳು ಸ್ನೇಹಿತೆಯ ಬಳಿ. ಸ್ನೇಹಿತೆ ಒಂದು ಲಕೋಟೆಯಲ್ಲಿ ಸಾವಿರದ ಐನೂರು ರೂಪಾಯಿ ಇಟ್ಟುಕೊಟ್ಟಿದ್ದರಂತೆ. ತೆಗೆದುಕೊಳ್ಳಲು ಇವರಿಗೆ ಮನಸ್ಸು ಬರುತ್ತಿರಲಿಲ್ಲ. ತೆಗೆದುಕೊಳ್ಳಿ ಎಂದೆ.